ಬಣವೆಗಳು ಊರ ಹೊರಗೆ ಹೋದ ವರ್ಷ

ನನ್ನ ಮದುವೆಯ ಮಾತುಕತೆ ನಡೆದಾಗ ಅಪ್ಪ ಸೊಲ್ಲಾಪುರದಿಂದ ಗಂಡಿನ ಮನೆ ನೋಡಿಕೊಂಡು ಬರಲು ಹೋಗಿದ್ದ. ಹನ್ನೂರಿನ ಆಚೆ, ಅಕ್ಕಲಕೋಟೆ ತಾಲೂಕಿನ ಒಂದು ಸಣ್ಣ ಹಳ್ಳಿ. ಮರಳಿ ಬಂದು ಕಾಲು ತೊಳೆದುಕೊಂಡು ಕೂತವನು ಹುಡುಗ ಕಪ್ಪೋ ಕೆಂಪೋ, ಎತ್ತರವೋ ಗಿಡ್ಡವೋ ಒಂದನ್ನೂ ಹೇಳಲಿಲ್ಲ. "ಬಣವಿ ನೋಡಿದೆ" ಎಂದ. ಅವ್ವ ಇನ್ನೇನಾದರೂ ಹೇಳಲಿ ಎಂದು ಕಾದಳು. "ಬಾಗಲ ಮುಂದನ ಐತಿ. ಮಾಳಿಗಿಗಿಂತ ಎತ್ತರ. ಅಂಥಾ ಮನ್ಯಾಗ ಹುಡುಗಿ ಹಸದು ಕೂಡಂಗಿಲ್ಲ ಬಿಡು" ಎಂದು ತಂಬಾಕು ತಿಕ್ಕತೊಡಗಿದ. ಹೀಗೆ ನನ್ನನ್ನು ಮೊದಲು ಒಂದು ಜೋಳದ ಕಣಿಕೆಯ ಬಣವೆಗೆ ಕೊಟ್ಟರು, ಆಮೇಲೆ ಗಂಡನಿಗೆ. ಇದನ್ನು ಹೇಳಿ ಹೇಳಿ ನಮ್ಮ ಮನೆಯವರನ್ನು ಅವರು ಬದುಕಿದ್ದಷ್ಟು ದಿನವೂ ಕಾಡಿದ್ದೇನೆ.

ಅಪ್ಪ ಸೊಲ್ಲಾಪುರದ ಗಿರಣಿಯೊಂದರಲ್ಲಿ ನೂಲಿನ ಖಾತೆಯಲ್ಲಿ ದುಡಿಯುತ್ತಿದ್ದ. ಹತ್ತಿಯ ಕೆಲಸ. ಗೇಟಿನಲ್ಲಿ ಕಿಸೆ ಮುಟ್ಟಿ ನೋಡಿ, ಬೀಡಿ, ಕಡ್ಡಿಪೆಟ್ಟಿಗೆ ಕಸಿದುಕೊಂಡೇ ಒಳಗೆ ಬಿಡುತ್ತಿದ್ದರು. ಗೋಡೆಯುದ್ದಕ್ಕೂ ಉಸುಕು ತುಂಬಿದ ಕೆಂಪು ಬಕೆಟ್ಟುಗಳನ್ನು ತೂಗು ಹಾಕಿರುತ್ತಾರೆ ಎಂಬುದು ಅವನ ಬಾಯಿಂದ ಕೇಳಿ ಕೇಳಿ ನನಗೆ ಚಿಕ್ಕಂದಿನಿಂದ ಗೊತ್ತು. ಅಂಥವನ ಕಣ್ಣಿಗೂ ಬಾಗಿಲ ಮುಂದಿನ ಬಣವೆಯಲ್ಲಿ ಮೇವು ಕಂಡಿತೇ ಹೊರತು ಬೆಂಕಿ ಕಾಣಲಿಲ್ಲ. ಆಗ ಯಾರಿಗೂ ಕಾಣುತ್ತಿರಲಿಲ್ಲ. ಆ ಸೀಮೆಯಲ್ಲಿ ಬಣವೆ ಎಂದರೆ ಮನೆಯ ಮುಖ. ಹಿಂಗಾರಿ ಜೋಳ ಕೊಯ್ದ ಮೇಲೆ ಒಣಗಿದ ದಂಟನ್ನು ಗಾಡಿಯಲ್ಲಿ ತಂದು, ಬುಡ ಹೊರಗೆ, ತುದಿ ಒಳಗೆ ಮಾಡಿ, ಬಾಗಿಲ ಪಕ್ಕದಲ್ಲೇ ಒಟ್ಟುತ್ತಿದ್ದರು. ವರ್ಷವಿಡೀ ದನಗಳಿಗೆ ಅದೇ ಊಟ. ಓಣಿಯ ಎರಡೂ ಬದಿಗೆ ಮನೆಗೊಂದು ಬಣವೆ, ನಡುವೆ ಒಂದು ಗಾಡಿ ಹೋಗುವಷ್ಟು ದಾರಿ. ಹೆಣ್ಣು ಕೊಡುವವರು, ಹೆಣ್ಣು ತರುವವರು ಎಲ್ಲರೂ ಮೊದಲು ನೋಡುತ್ತಿದ್ದದ್ದು ಅದನ್ನೇ.

ಆ ಮನೆಯ ಯಜಮಾನಿಕೆ ನಮ್ಮ ಅತ್ತೆಯದು. ಮಾವ ತೀರಿಕೊಂಡು ಬಹಳ ವರ್ಷವಾಗಿತ್ತು. ಅತ್ತೆ ದೊಡ್ಡ ಮೈಯವರು, ಕಡಿಮೆ ಮಾತಿನವರು; ಆಡಿದರೆ ಎದುರಿನವರು ಕುಂಡಿ ಸರಿಸಿ ಕೂಡುವಂತೆ ಆಡುತ್ತಿದ್ದರು. ನಾನು ಹೋದ ಮೊದಲ ಬೆಳಿಗ್ಗೆ ಸೊಲ್ಲಾಪುರದ ರೂಢಿಯಂತೆ ಕಡ್ಡಿ ಗೀರಿ ಒಲೆ ಹೊತ್ತಿಸಲು ಹೋದೆ. ಅವರು ಹಿಂದಿನಿಂದ ಬಂದು ಕಡ್ಡಿಪೆಟ್ಟಿಗೆ ಕೈಯಿಂದ ತೆಗೆದುಕೊಂಡು ಗೂಡಿನಲ್ಲಿಟ್ಟರು. "ಇದು ದೇವರ ದೀಪಕ್ಕ. ಒಲಿಗಿ ನಮ್ಮ ಮನ್ಯಾಗ ಬೆಂಕಿ ಐತಿ" ಎಂದರು. ಒಲೆಯ ಬೂದಿಯನ್ನು ಕೈಯಲ್ಲೇ ಮೆಲ್ಲಗೆ ಸರಿಸಿದರು. ಕೆಳಗೆ ಕೆಂಡ. ಅದು ನಿನ್ನೆಯದು, ಮೊನ್ನೆಯದು, ಎಷ್ಟೋ ವರ್ಷದ್ದು. ರಾತ್ರಿ ಮುಚ್ಚುವುದು, ಬೆಳಿಗ್ಗೆ ತೆರೆಯುವುದು. ಮನೆಯಲ್ಲಿ ಸಾವಾದಾಗ ಮಾತ್ರ ಆ ಒಲೆ ಆರಿತ್ತಂತೆ. ಮಾವ ಹೋದ ದಿನವೇ ಕಡೆ; ಆಮೇಲೆ ದೇವರ ದೀಪದಿಂದ ಹೊತ್ತಿಸಿದ್ದು.

ಹೀಗಾಗಿ ಇಡೀ ಓಣಿಗೆ ನಮ್ಮ ಮನೆಯೇ ಬೆಂಕಿಯ ಮನೆ. ಬೆಳಗಾದರೆ ಹೆಂಗಸರು ಸೆಗಣಿ ಕುಳ್ಳಿನ ಚೂರು ಹಿಡಿದುಕೊಂಡು ಬರುತ್ತಿದ್ದರು. ಅತ್ತೆ ಅದರ ಮೇಲೊಂದು ಕೆಂಡ ಇಡುತ್ತಿದ್ದರು. ಅವರು ಇನ್ನೊಂದು ಕೈಯನ್ನು ಗಾಳಿಗೆ ಅಡ್ಡ ಹಿಡಿದು, ಅರ್ಧ ನಡೆದು ಅರ್ಧ ಓಡಿ, ಬಣವೆಗಳ ನಡುವಿನಿಂದ ತಮ್ಮ ಮನೆ ಸೇರುತ್ತಿದ್ದರು. ಅತ್ತೆ ಎಲ್ಲರಿಗೂ ಕೊಟ್ಟವರು, ಯಾರ ಬಾಗಿಲಿಗೂ ಕೆಂಡ ಕೇಳಲು ಹೋದವರಲ್ಲ. ಅದು ಅವರ ಗರ್ವವಾಗಿತ್ತು. ಬಣವೆಯ ಗರ್ವವನ್ನು ಅವರು ಬಾಯಿಬಿಟ್ಟು ಹೇಳುತ್ತಿದ್ದರು, ಒಲೆಯದನ್ನು ಹೇಳುತ್ತಿರಲಿಲ್ಲ.

ದಿನಾ ಎಲ್ಲರಿಗಿಂತ ಮೊದಲು ಬರುತ್ತಿದ್ದವಳು ಎದುರಿನ ಮನೆಯ ಕುರುಬರ ಹೆಣ್ಣುಮಗಳು. ಗಂಡ ಹೋಗಿದ್ದ, ಮಕ್ಕಳಿರಲಿಲ್ಲ. ಕುರಿ ಮೈದುನನ ಜೊತೆ ಅಡವಿಯಲ್ಲಿರುತ್ತಿದ್ದವು, ಇವಳು ಮನೆಯಲ್ಲಿ ಉಣ್ಣೆ ನೂಲುತ್ತಿದ್ದಳು. ಕೆಂಡ ತೆಗೆದುಕೊಳ್ಳಲು ಬಂದಾಗಲೂ ನೂಲುವ ಕದರು ಸೊಂಟದಲ್ಲಿರುತ್ತಿತ್ತು. ಒಬ್ಬಳ ಅಡುಗೆ, ಒಲೆಯಲ್ಲಿ ರಾತ್ರಿಯಿಡೀ ಉಳಿಯುವಷ್ಟು ಬೆಂಕಿ ಆಗುತ್ತಿರಲಿಲ್ಲ. ಅತ್ತೆ ಅವಳನ್ನು ದಿನಾ ಬೈಯುತ್ತಿದ್ದರು. "ನಾಕ ಕುಳ್ಳು ಹೆಚ್ಚ ಹಾಕಿ ಮುಚ್ಚಿದ್ರ ಏನ್ ಹೋಗ್ತೈತಿ ನಿನಗ" ಎನ್ನುವರು. ಅವಳು ನಗುತ್ತಾ, "ಹಂಗ ಮಾಡಿದ್ರ ನಿಮ್ಮ ಬೈಗಳ ಎಲ್ಲಿ ಸಿಗ್ತಾವ್ರಿ ಅವ್ವಾರ" ಎನ್ನುವಳು. ಆ ಮನೆಯಲ್ಲಿ ನನ್ನ ಜೊತೆ ಮೊದಲು ನಕ್ಕವಳು ಅವಳೇ. ನನ್ನ ಸೊಲ್ಲಾಪುರದ ಮಾತನ್ನು, ಸೀರೆ ಉಡುವುದನ್ನು ಅಣಕಿಸಿ ಅಣಕಿಸಿಯೇ ನನ್ನನ್ನು ಆ ಊರಿನವಳನ್ನಾಗಿ ಮಾಡಿದಳು.

ಬೆಂಕಿ ಬಿದ್ದದ್ದು ನಾನು ಹೋದ ಮೊದಲ ಬೇಸಿಗೆಯಲ್ಲಿ. ರಾಶಿ ಮುಗಿದಿತ್ತು, ಬಣವೆಗಳು ಹೊಸದಾಗಿ ಎದ್ದಿದ್ದವು. ಪಡುವಣದ ಒಣಗಾಳಿ ಆ ದಿನ ಹೊತ್ತಿಗಿಂತ ಮೊದಲೇ ಎದ್ದಿತು. ಎದುರಿನವಳಿಗೆ ಮನೆಯಲ್ಲಿ ಉಳಿಸಿಕೊಂಡಿದ್ದ ಕುರಿಮರಿಯೊಂದರ ಜಡ್ಡಿನಿಂದ ತಡವಾಗಿತ್ತು. ಬಂದಳು, ಅತ್ತೆ ಎಂದಿನಂತೆ ಕೆಂಡವಿಟ್ಟರು, ಅವಳು ಎಂದಿನಂತೆ ಕೈ ಅಡ್ಡ ಹಿಡಿದು ಹೊರಟಳು. ಓಣಿಯ ನಡುವೆ ಗಾಳಿ ಸುತ್ತಿಕೊಂಡು ಬಂತು. ಕುಳ್ಳಿನ ತುದಿ ಮುರಿದು ಕಿಡಿ ಹಾರಿದ್ದನ್ನು ನಾನು ಹೊಸ್ತಿಲಲ್ಲಿ ನಿಂತು ನೋಡಿದೆ. ಅದು ನಮ್ಮ ಬಣವೆಯ ಬುಡದಲ್ಲಿ ಬಿತ್ತು. ಅವಳು ಓಡಿ ಹೋಗಿ ಬರಿಗಾಲಿನಿಂದ ತುಳಿದಳು, ಕೈಯಿಂದ ಬಡಿದಳು. ಹೊಗೆ ಬಂತು, ನಿಂತಿತು. ಅವಳು ನನ್ನ ಕಡೆ ನೋಡಿ ಉಸಿರು ಬಿಟ್ಟಳು. ಅಷ್ಟರಲ್ಲಿ ಬಣವೆಯ ಆ ಕಡೆಯಿಂದ ಉರಿ ಎದ್ದಿತು.

ಆ ಮೇಲಿನದನ್ನು ಬಿಡಿಸಿ ಹೇಳಲು ನನಗೆ ಆಗುವುದಿಲ್ಲ. ಬೆಂಕಿ ಒಂದು ಬಣವೆಯಿಂದ ಇನ್ನೊಂದಕ್ಕೆ ನಡೆದು ಹೋಗಲಿಲ್ಲ, ಹಾರಿ ಹೋಯಿತು. ಬಾವಿ ಊರ ಆ ತುದಿಗೆ, ಬಾವಿಗೆ ಒಂದೇ ಹಗ್ಗ. ಕೊಡ ತುಂಬಿ ತರುವಷ್ಟರಲ್ಲಿ ಸುರಿಯುವ ಜಾಗವೇ ಇರುತ್ತಿರಲಿಲ್ಲ. ಮಣ್ಣಿನ ಮಾಳಿಗೆಯ ಮನೆಗಳು ತಡೆದುಕೊಂಡವು, ಕೊಟ್ಟಿಗೆಯ ಛಪ್ಪರಗಳು ತಡೆದುಕೊಳ್ಳಲಿಲ್ಲ. ದನಗಳ ಹಗ್ಗ ಕೊಯ್ದು ಓಡಿಸುತ್ತಿದ್ದರು. ಆಗ ಬಂದರು ಕುರುಬರ ಓಣಿಯವರು, ನೀರಲ್ಲಿ ಅದ್ದಿದ ಕಂಬಳಿಗಳನ್ನು ಹೊತ್ತು. ಇಬ್ಬಿಬ್ಬರು ಹಿಡಿದು ಇನ್ನೂ ಉರಿ ತಾಗದ ಛಪ್ಪರಗಳ ಮೇಲೆ ಹಾಸಿದರು. ಉಣ್ಣೆಯ ಮೇಲೆ ಬಿದ್ದ ಕಿಡಿ ಚುಯ್ಯೆಂದು ಸಾಯುತ್ತಿತ್ತು. ಕಂಬಳಿ ಸಾಲದೇ ಹೋದಾಗ ಅವರ ಹಿರಿಯ ಬೀರಪ್ಪನ ಗುಡಿಗೆ ಹೋದ. ದೇವರ ಕಂಬಳಿಯ ಮೇಲಿದ್ದ ಭಂಡಾರದ ಅರಿಷಿಣವನ್ನು ಮೊರಕ್ಕೆ ಸುರಿದು ಆ ಕಂಬಳಿಯನ್ನೂ ನೀರಿನ ಬಾನಿಯಲ್ಲಿ ಅದ್ದಿದ. ಆ ಕಂಬಳಿಯನ್ನು ದಾಟುವುದಕ್ಕೂ ಹೆದರುವ ಜನ ಅವರು. ಯಾರೋ ತಡೆಯಲು ಹೋದರು. ಮುದುಕ, "ಬೀರಪ್ಪ ಒಂದಿನ ನೆಲದ ಮ್ಯಾಲ ಕುಂತಾನು. ದನಾ ಸುಟ್ಟ ಮ್ಯಾಲ ಏಳಂಗಿಲ್ಲ" ಎಂದು ಹೊತ್ತುಕೊಂಡು ನಡೆದ. ನಮ್ಮ ಕೊಟ್ಟಿಗೆ ಉಳಿದದ್ದು ಆ ಕಂಬಳಿಯಿಂದ. ನಾನು ಗುಡಿಯಲ್ಲಿ ಎಷ್ಟೋ ಸಲ ಕೈ ಮುಗಿದಿದ್ದೇನೆ. ದೇವರು ಬಂದ ಎಂದು ಮೈ ಜುಮ್ಮೆಂದದ್ದು ಮಾತ್ರ ಆ ಹಸಿ ಕಂಬಳಿಯ ವಾಸನೆಗೇ.

ಮನುಷ್ಯರು ಯಾರೂ ಸಾಯಲಿಲ್ಲ. ದನಗಳು ಕೆಲವು ಹೋದವು. ಎದುರಿನವಳ ಜಡ್ಡಾದ ಕುರಿಮರಿಯೂ ಹೋಯಿತು. ಆದರೆ ನಮ್ಮ ಓಣಿಯ ಬಣವೆಗಳು ಒಂದೂ ಉಳಿಯಲಿಲ್ಲ. ಬೂದಿ ಇನ್ನೂ ಬಿಸಿ ಇರುವಾಗಲೇ ಮಾತು ಶುರುವಾಯಿತು. ಅವಳು ತಡ ಮಾಡಿ ಯಾಕೆ ಹೋದಳು, ಗಾಳಿ ಕಾಣಲಿಲ್ಲವೇ, ಗಂಡನಿಲ್ಲದ ಮನೆಗೆ ಒಲೆ ಯಾಕೆ ಬೇಕು. ಕೊನೆಯ ಮಾತನ್ನು ಆಡಿದವರು ಬೇರೆ ಸಮಯದಲ್ಲಿ ಒಳ್ಳೆಯವರೇ.

ಮರುದಿನ ಚಾವಡಿಯಲ್ಲಿ ಗಂಡಸರು ಕೂತರು. ಹೆಂಗಸರು ಕೆಳಗೆ ಬೇವಿನ ಗಿಡದ ಹತ್ತಿರ ನಿಂತೆವು. ಊರಿನ ಪೋಲೀಸ ಪಾಟೀಲರಿಗೆ ಸಿಟ್ಟು ಬಂದರೆ ಮರಾಠಿ ಬರುತ್ತಿತ್ತು, ಸಿಟ್ಟು ಇಳಿದರೆ ಕನ್ನಡ. ಅಂದು ಬರೀ ಮರಾಠಿ. ಅವಳು ಓಣಿ ಬಿಟ್ಟು ಊರ ಹೊರಗಿನ ಕುರಿಹಟ್ಟಿಯಲ್ಲಿ ಇರಲಿ ಎಂಬಲ್ಲಿಗೆ ಮಾತು ಬಂತು. ಅವಳು ಗಿಡಕ್ಕೆ ಆತು ನಿಂತಿದ್ದಳು, ಸುಟ್ಟ ಕಾಲಿಗೆ ಅರಿಷಿಣ ಹಚ್ಚಿ ಬಟ್ಟೆ ಕಟ್ಟಿತ್ತು. ಆಗ ಅತ್ತೆ ಮುಂದೆ ಹೋಗಿ ಚಾವಡಿಯ ಮೆಟ್ಟಿಲ ಮೇಲೆ ಒಂದು ಕಾಲಿಟ್ಟರು.

"ಬೆಂಕಿ ಹೋಗಿದ್ದು ನನ್ನ ಒಲ್ಯಾಗಿಂದ" ಎಂದರು. "ಇಟ್ಟಾಕಿ ನಾನು. ಆಕಿನ್ನ ಕಳಸ್ತೀರಂದ್ರ ಇಬ್ಬರನ್ನೂ ಕಳಸ್ರಿ. ಆಕಿ ಒಯ್ದಂಗನ ನಿಮ್ಮ ಮನಿ ಹೆಣ್ಮಕ್ಕಳೂ ಒಯ್ತಾರ. ನಿನ್ನಿ ಗಾಳಿ ಆಕಿ ಪಾಳೇದಾಗ ಬಂತು, ಅಷ್ಟ. ತಪ್ಪು ಬಣವೀದು. ಅದು ಅಲ್ಲಿ ಇರಬಾರದಿತ್ತು."

ಯಾರೋ ಒಳಗಿನಿಂದ, "ನಿಮ್ಮದು ಸುಟ್ಟೈತಿ, ಈಗ ನಮ್ಮದೂ ಬಾಗಲ ಮುಂದಿಂದ ತಗಸ್ತೀರೇನ್ರಿ" ಎಂದರು.

"ಹೌದು. ಸುಟ್ಟಕೊಂಡಾಕೀನ ಹೇಳಬೇಕು. ಸುಟ್ಟಕೊಳ್ಳಲಾರದವರಿಗೆ ಏನ್ ಗೊತ್ತಿರ್ತೈತಿ" ಎಂದರು ಅತ್ತೆ. ಊರಿನ ಮೂಡಣಕ್ಕೆ ನಮ್ಮ ರಾಶಿ ಮಾಡುವ ಕಣ ಇತ್ತು. ಅದನ್ನು ಎಲ್ಲರ ಬಣವೆಗೂ ಬಿಟ್ಟುಕೊಡುತ್ತೇನೆ ಎಂದು ಅಲ್ಲಿಯೇ ಹೇಳಿದರು. ಬೇಸಿಗೆಯ ಗಾಳಿ ಪಡುವಣದಿಂದ ಬರುತ್ತದೆ, ಅಲ್ಲಿ ಬೆಂಕಿ ಬಿದ್ದರೂ ಊರ ಕಡೆ ತಿರುಗುವುದಿಲ್ಲ. ಪಾಟೀಲರು ಬಹಳ ಹೊತ್ತು ಮೀಸೆ ನೀವಿದರು. ಆಮೇಲೆ ಕನ್ನಡದಲ್ಲಿ ಮಾತಾಡಿದರು. ಎದುರಿನವಳನ್ನು ಕಳಿಸುವ ಮಾತು ಅಲ್ಲಿಗೆ ಬಿತ್ತು. ಅವಳು ಉಳಿದಳು ಎಂದು ನಾನು ಹಿಗ್ಗಿದೆ. ಆಗ ನನಗೆ ಅಷ್ಟೇ ಬುದ್ಧಿ.

ಆ ವರ್ಷ ನಡೆದ ಕೆಲಸವನ್ನು ನೆನೆದರೆ ನನಗೆ ಇವತ್ತಿಗೂ ಸೋಜಿಗ. ಮೇಲಿನ ಓಣಿಯವರ ಬಣವೆಗಳು ಸುಟ್ಟಿರಲಿಲ್ಲ. ಅವರು ಅವನ್ನು ಬಿಚ್ಚಬೇಕಿತ್ತು. ಕಟ್ಟಿದ ಬಣವೆಯನ್ನು ಬಿಚ್ಚುವುದೆಂದರೆ ಆ ಜನಕ್ಕೆ ಬಾಸಿಂಗ ಬಿಚ್ಚಿದಷ್ಟೇ ಕಷ್ಟ. ಮೊದಲ ದಿನ ಯಾರೂ ಕೈ ಹಚ್ಚಲಿಲ್ಲ. ಎರಡನೆಯ ದಿನ ಪಾಟೀಲರ ಹೆಂಡತಿ ಗಂಡನನ್ನು ಕೇಳದೆ ತಮ್ಮ ಬಣವೆಯ ಒಂದು ಸಿವುಡು ಕಣಿಕೆ ಇಳಿಸಿ ತಲೆಯ ಮೇಲಿಟ್ಟುಕೊಂಡು ಹೊರಟರು. ಅವರು ಹಾಗೆ ಹೊರಡುವುದನ್ನು ಕಂಡು ಗಾಡಿ ಹೂಡಿದವರು ಎಷ್ಟೋ ಮಂದಿ. ಗಾಡಿ ಇಲ್ಲದವರು ಹೊತ್ತರು. ಬಿಸಿಲೇರುವ ಮುಂಚೆ ಊರಿನಿಂದ ಕಣದವರೆಗೆ ಸಿವುಡು ಹೊತ್ತ ಹೆಂಗಸರ ಸಾಲು. ದೂರದಿಂದ ತಲೆಗಳು ಕಾಣುತ್ತಿರಲಿಲ್ಲ, ಕಣಿಕೆಯೇ ನಡೆದು ಹೋಗುವಂತಿತ್ತು. ನಾನೂ ಹೊತ್ತೆ, ಕೊರಳು ಉಳುಕಿತು. ಎದುರಿನವಳೂ ಕುಂಟುತ್ತಾ ಹೊತ್ತಳು, ಸಾಲಿನ ಕೊನೆಗೆ, ಎಲ್ಲರಿಂದ ಸ್ವಲ್ಪ ದೂರ ಬಿಟ್ಟು.

ತಮಾಷೆಯೂ ನಡೆಯಿತು. ಕಣಕ್ಕೆ ದನ ನುಗ್ಗದಿರಲಿ ಎಂದು ಅತ್ತೆ ಜಾಲಿಮುಳ್ಳಿನ ಬೇಲಿ ಹಾಕಿಸಿದರು. ಊರೆಲ್ಲ ಸೇರಿ ಮುಳ್ಳು ಕಡಿದು, ಕೈ ಕಾಲು ಗೀರಿಸಿಕೊಂಡು, ಭದ್ರವಾದ ಬೇಲಿ ಕಟ್ಟಿತು. ಅದು ಒಣಗಿತು. ಒಂದು ಬೆಳಿಗ್ಗೆ ಕೆಳಗಿನ ಓಣಿಯ ಮುದುಕಿಯೊಬ್ಬಳು ಆ ಬೇಲಿಯಿಂದ ಮುಳ್ಳು ಎಳೆಯುತ್ತಿದ್ದಳು. ಅತ್ತೆ ರೇಗಿ, "ಯಾಕ ಎಳೀತಿ" ಎಂದರು. ಮುದುಕಿ, "ಒಲಿಗ್ರಿ. ಭಾಳ ಚಲೋ ಉರೀತಾವು" ಎಂದಳು. ಅತ್ತೆ ಬೈಯಲು ತೆರೆದ ಬಾಯಿ ಹಾಗೇ ನಿಂತಿತು. ಆಮೇಲೆ ಅಲ್ಲೇ ಕಲ್ಲಿನ ಮೇಲೆ ಕೂತು ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. "ಬೆಂಕಿಗೆ ಹೆದರಿ ಊರ ಮೇವೆಲ್ಲಾ ಇಲ್ಲಿಗೆ ತಂದು, ಸುತ್ತ ಪುಳ್ಳಿ ಪೇರಿಸೇನಲ್ಲ" ಎಂದರು. ಅವರು ಹಾಗೆ ನಕ್ಕದ್ದನ್ನು ಮೊದಲ ಸಲ ನೋಡಿದ್ದು. ಮುಳ್ಳೆಲ್ಲ ಊರಿನ ಒಲೆಗಳಿಗೆ ಹೋಯಿತು. ಮಳೆ ಬಿದ್ದ ಮೇಲೆ ಡಬಗಳ್ಳಿ ನೆಟ್ಟರು. ಹಸಿ ಕಳ್ಳಿಗೆ ಬೆಂಕಿ ಹತ್ತುವುದಿಲ್ಲ, ದನವೂ ಬಾಯಿ ಹಾಕುವುದಿಲ್ಲ.

ನಾನು ತವರಿಗೆ ಹೋದಾಗ ಅಪ್ಪನಿಗೆ ಎಲ್ಲ ಹೇಳಿದೆ. ತಾನು ಮೆಚ್ಚಿದ ಬಣವೆ ಸುಟ್ಟಿತೆಂದು ಕೇಳಿ ಅವನು ತಿಕ್ಕುತ್ತಿದ್ದ ತಂಬಾಕನ್ನು ಹಾಗೇ ಚೀಲಕ್ಕೆ ಹಾಕಿಬಿಟ್ಟ. ಆಮೇಲೆ ಗಿರಣಿಯಲ್ಲಿ ನೀರು ಹುಡುಕಿಕೊಂಡು ಹೋಗಬಾರದು, ನೀರು ಬೆಂಕಿ ಬೀಳುವ ಜಾಗದಲ್ಲೇ ಕಾಯುತ್ತಿರಬೇಕು ಎನ್ನುತ್ತಾರೆ ಎಂದ. ಅದನ್ನು ಬಂದು ಹೇಳಿದೆ. ಅತ್ತೆ, "ಸೊಲ್ಲಾಪುರದವರು ಒಂದರ ಚಲೋ ಮಾತು ಆಡ್ಯಾರ" ಎಂದು ಬಾಗಿಲ ಪಕ್ಕದಲ್ಲಿ, ಬಣವೆ ಇದ್ದ ಜಾಗದಲ್ಲೇ, ರಂಜಣಿಗೆ ಎನ್ನುವ ದೊಡ್ಡ ಮಣ್ಣಿನ ಗುಡಾಣ ಹುಗಿಸಿ ನೀರು ತುಂಬಿಸಿದರು. ಅದರಿಂದ ಕುಡಿಯುವಂತಿಲ್ಲ, ಬಳಸುವಂತಿಲ್ಲ. ಬರಬರುತ್ತ ಎಲ್ಲರ ಬಾಗಿಲಲ್ಲೂ ಒಂದೊಂದು ಬಂತು. ಬಾವಿಗೆ ಇನ್ನೊಂದು ರಾಟೆ ಕೂತಿತು. ಕುರುಬರು ಮನೆಗೊಂದು ಹಳೆಯ ಕಂಬಳಿ ಕೊಟ್ಟರು, ಬೇಸಿಗೆಯಲ್ಲಿ ಅದನ್ನು ರಂಜಣಿಗೆಯ ಮೇಲೇ ಮಡಿಚಿಡುವುದು. ಮೇವಿಲ್ಲದ ನಮ್ಮ ದನಗಳನ್ನು ಅವರೇ ತಮ್ಮ ಕುರಿಗಳ ಜೊತೆ ಬೋರಾಮಣಿಯ ಹುಲ್ಲುಮಾಳಕ್ಕೆ ಹೊಡೆದುಕೊಂಡು ಹೋಗಿ ಬದುಕಿಸಿದರು. ಅಕ್ಕಲಕೋಟೆಯ ಸಂತೆಯಿಂದ ಸಣ್ಣ ಬಾಯಿಯ ಗಡಿಗೆಗಳು, ಅವಕ್ಕೆ ಸರಿಯಾಗಿ ಕೂಡುವ ಮುಚ್ಚಳಗಳು ಬಂದವು. ಇನ್ನು ಮೇಲೆ ಕೆಂಡ ಕುಳ್ಳಿನ ಮೇಲೆ ಹೋಗುವಂತಿಲ್ಲ, ಗಡಿಗೆಯಲ್ಲೇ ಹೋಗಬೇಕು, ಅದೂ ಗಾಳಿ ಏಳುವ ಮೊದಲು. ಯಾವ ಸರ್ಕಾರವೂ ಹೇಳಿರಲಿಲ್ಲ, ಯಾರೂ ಬರೆದಿಟ್ಟಿರಲಿಲ್ಲ. ಊರು ತನಗೆ ತಾನೇ ಹೇಳಿಕೊಂಡಿತು, ಪಾಲಿಸಿತು. ಓದು ಬರಹ ಇಲ್ಲದ ಆ ಜನರ ಶಿಸ್ತು ನೋಡಿ ನಾನು ಬೆರಗಾಗಿದ್ದೇನೆ.

ಆದರೆ ಎದುರಿನವಳು ಗಡಿಗೆ ಹಿಡಿದು ಬರಲಿಲ್ಲ. ಯಾರ ಮನೆಗೂ ಹೋಗಲಿಲ್ಲ. ಕಡ್ಡಿಪೆಟ್ಟಿಗೆ ತರಿಸಿಕೊಂಡಿದ್ದಳು. ಯಾರೂ ಅವಳಿಗೆ ಏನೂ ಅನ್ನುತ್ತಿರಲಿಲ್ಲ, ಚಾವಡಿಯ ಮಾತು ಮುಗಿದಿತ್ತಲ್ಲ. ಅವಳ ಬಾಗಿಲ ಮುಂದೆ ಹಾಯುವಾಗ ಕೆಂಡದ ಗಡಿಗೆಯವರು ಮುಚ್ಚಳದ ಮೇಲೆ ಇನ್ನೊಂದು ಕೈ ಇಡುತ್ತಿದ್ದರು, ಅಷ್ಟೇ. ಅದನ್ನು ಅವಳು ನೋಡುತ್ತಿದ್ದಳು. ಒಂದು ದಿನ ಅತ್ತೆ ನನ್ನ ಕೈಯಲ್ಲೇ ಗಡಿಗೆಯಲ್ಲಿ ಕೆಂಡ ಕಳಿಸಿದರು. ಅವಳು ಹೊಸ್ತಿಲಲ್ಲೇ ಕೈ ಮುಗಿದಳು. "ಬ್ಯಾಡ ತಂಗಿ. ನಿಮ್ಮ ಮನಿ ಕೆಂಡ ನನ್ನ ಕೈಗೆ ಬ್ಯಾಡ. ಅವ್ವಾರಿಗೆ ಸಿಟ್ಟಾಗಬ್ಯಾಡ್ರಿ ಅನ್ನು" ಎಂದಳು. ಕದರು ತಿರುಗುತ್ತಿತ್ತು, ನಗು ಇರಲಿಲ್ಲ. ಬೋರಾಮಣಿ ಅವಳ ತವರು. ಬರುವ ಸಲ ಕುರಿ ಆ ಕಡೆ ಹೊರಟಾಗ ತಾನೂ ಹೋಗುತ್ತೇನೆ, ತಿರುಗಿ ಬರುವುದಿಲ್ಲ ಎಂದಳು. ನಾನು ಗಡಿಗೆಯನ್ನು ಮರಳಿ ತಂದು ಅತ್ತೆಗೆ ಹೇಳಿದೆ. ಅವರು ಆ ಕೆಂಡವನ್ನು ಒಲೆಗೇ ಹಾಕಿ ಊದುಗೊಳವೆ ಹಿಡಿದು ಊದುತ್ತಾ ಕೂತರು. ಊದುವ ಅಗತ್ಯವೇ ಇರಲಿಲ್ಲ.

ಮರುವರ್ಷದ ಬೇಸಿಗೆಯಲ್ಲಿ ಒಂದು ಮಟಮಟ ಮಧ್ಯಾಹ್ನ ಮೇಲಿನ ಓಣಿಯ ಕೊಟ್ಟಿಗೆಗೆ ಬೆಂಕಿ ಬಿತ್ತು, ಯಾರದೋ ಬೀಡಿಯಿಂದ. ಕೂಗು ಕೇಳಿ ನಾನು ಹಂಚಿನ ಮೇಲಿನ ರೊಟ್ಟಿ ಬಿಟ್ಟು ಓಡಿದೆ. ನಾನು ಕಂಡದ್ದು ಗಾಬರಿಯಲ್ಲ. ಪ್ರತಿ ಬಾಗಿಲಲ್ಲೂ ಕಂಬಳಿ ರಂಜಣಿಗೆಯಲ್ಲಿ ಮುಳುಗುತ್ತಿತ್ತು, ಏಳುತ್ತಿತ್ತು. ಯಾರೂ ಯಾರಿಗೂ ಏನೂ ಹೇಳುತ್ತಿರಲಿಲ್ಲ. ಅಕ್ಕಪಕ್ಕದ ಛಪ್ಪರಗಳು ಕ್ಷಣದಲ್ಲಿ ಹಸಿ ಉಣ್ಣೆ ಹೊದ್ದುಕೊಂಡವು. ಗಾಳಿಗೆ ಹಾರಿದ ಕಿಡಿಗಳು ಓಣಿಯಲ್ಲಿ ತಿನ್ನಲು ಏನೂ ಸಿಗದೆ ಬರಿ ನೆಲದ ಮೇಲೆ ಬಿದ್ದು ಆರಿದವು. ಆ ಒಂದು ಛಪ್ಪರ ಹೋಯಿತು, ಅಷ್ಟೇ. ನಾನು ಮರಳಿದಾಗ ನನ್ನ ರೊಟ್ಟಿ ಕರಕಾಗಿತ್ತು, ಅದೂ ಪೂರ್ತಿಯಾಗಿ ಅಲ್ಲ. ದೂರದ ಕಣದಲ್ಲಿ ಊರಿನ ಬಣವೆಗಳೆಲ್ಲ ಹಾಗೇ ನಿಂತಿದ್ದವು. ನನಗೆ ಅಳು ಬಂತು, ಸಂತೋಷಕ್ಕೆ.

ಆದರೆ ಬರುವಾಗ ಎದುರಿನ ಬಾಗಿಲು ನೋಡಿದೆ. ಅವಳು ತನ್ನ ಹೊಸ್ತಿಲ ಒಳಗೆ ನಿಂತಿದ್ದಳು. ಕೈಯಲ್ಲಿ ತೊಯ್ದ ಕಂಬಳಿ. ಅದರ ನೀರೆಲ್ಲ ಸೋರಿ ಕಾಲಡಿ ಕೆಸರಾಗಿತ್ತು. ಅದ್ದಿದ್ದಳು, ಎತ್ತಿದ್ದಳು, ಹೊಸ್ತಿಲವರೆಗೆ ಬಂದಿದ್ದಳು, ಹೊರಗೆ ಬರಲು ಮಾತ್ರ ಧೈರ್ಯ ಸಾಲಲಿಲ್ಲ. ತಾನು ಹತ್ತಿರ ಹೋದ ಮೇಲೆ ಬೆಂಕಿ ಹಬ್ಬಿದರೆ ಎಂಬ ಹೆದರಿಕೆ. ನನ್ನ ಹಿಂದೆ ಬರುತ್ತಿದ್ದ ಅತ್ತೆಯೂ ಅದನ್ನು ನೋಡಿದರು. ಅಂದು ಅವರು ಊಟ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಅವರು ಒಲೆಯ ಬೂದಿ ಸರಿಸಿದರು. ಕೆಂಡ ಚೆನ್ನಾಗಿತ್ತು. ನಾನು ಕುಳ್ಳು ಮುರಿದು ಕೊಡಲು ಕೈ ಚಾಚಿದೆ. ಅತ್ತೆ ಪಕ್ಕದಲ್ಲಿದ್ದ ತಂಬಿಗೆಯ ನೀರನ್ನು ಒಲೆಗೆ ಸುರಿದುಬಿಟ್ಟರು. ಬೂದಿ ಮುಖಕ್ಕೆ ಹಾರಿತು.

"ಅತ್ತಿ, ಏನ್ ಮಾಡಿದ್ರಿ" ಎಂದೆ.

"ಇನ್ನೊಂದು ತಂಬಿಗಿ ತಾ. ನಡುವ ಇನ್ನೂ ಕೆಂಪೈತಿ."

ತಂದುಕೊಟ್ಟೆ. ಸಾವಿನ ದಿನ ಮಾತ್ರ ಬರುವ ವಾಸನೆ ಮನೆಯೆಲ್ಲ ತುಂಬಿತು. ಅವರು ಕಟ್ಟಿಗೆಯಿಂದ ಕೆದಕಿ, ಒಂದು ಕಿಡಿಯೂ ಇಲ್ಲವೆಂದು ಕೈ ಮುಟ್ಟಿ ನೋಡಿದರು. ಆಮೇಲೆ ಕೈ ತೊಳೆದುಕೊಂಡು, ಸೆರಗು ಹೊದ್ದು, ಗಡಿಗೆ, ಮುಚ್ಚಳ ಎತ್ತಿಕೊಂಡು, "ನೀನೂ ಬಾ" ಎಂದರು. ಹೆಂಗಸರೆಲ್ಲ ನೀರಿಗೆ ಹೋಗಿ ಬರುವ ಹೊತ್ತು. ಆ ಹೊತ್ತನ್ನು ಅವರು ಬೇಕೆಂದೇ ಆರಿಸಿಕೊಂಡಿದ್ದರು. ಓಣಿ ದಾಟಿ ಎದುರಿನ ಕಟ್ಟೆಯ ಮುಂದೆ ನಿಂತರು. ಯಾರ ಬಾಗಿಲಿಗೂ ಕೆಂಡಕ್ಕೆ ಹೋಗದವರು ಹಾಗೆ ಗಡಿಗೆ ಹಿಡಿದು ನಿಂತದ್ದನ್ನು ನೋಡಿ ಕೊಡ ಹೊತ್ತವರೆಲ್ಲ ನಿಂತುಬಿಟ್ಟರು.

"ತಂಗಿ, ಅದೀಯೇನು" ಎಂದು ಕರೆದರು. "ನಮ್ಮ ಒಲಿ ಆರೈತಿ. ಒಂದೀಟು ಕೆಂಡ ಕೊಡು."

ಅವಳು ಹೊರಗೆ ಬಂದು ಅವರ ಕೈಯಲ್ಲಿನ ಗಡಿಗೆ ನೋಡಿದಳು, ಮುಖ ನೋಡಿದಳು. ಅವಳ ಬಣ್ಣವೇ ಇಳಿಯಿತು. "ಯಾರಿಗೇನಾತ್ರಿ ಅವ್ವಾರ?"

"ಯಾರಿಗೂ ಏನೂ ಆಗಿಲ್ಲ. ಒಲಿ ಆರೈತಿ, ಅಷ್ಟ. ರೊಟ್ಟಿ ಮಾಡಬೇಕು."

ಅವಳು ನನ್ನ ಕಡೆ ತಿರುಗಿದಳು. ನನ್ನ ಸೆರಗಿನ ಮೇಲೆ ಹಸಿ ಬೂದಿ ಮೆತ್ತಿತ್ತು. ಅದನ್ನು ನೋಡಿ ಅವಳಿಗೆ ತಿಳಿಯಿತು. ಬಹಳ ಹೊತ್ತು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಆಮೇಲೆ ಒಳಗೆ ಹೋಗಿ ಚಿಮಟಿಗೆಯಲ್ಲಿ ಕೆಂಡ ಹಿಡಿದು ತಂದಳು. ಅವಳ ಕೈ ಎಷ್ಟು ನಡುಗುತ್ತಿತ್ತೆಂದರೆ ಗಡಿಗೆಯ ಬಾಯಿ ಮುಟ್ಟುವ ಮುಂಚೆ ಅದು ಜಾರಿ ಓಣಿಯ ನೆಲದ ಮೇಲೆ ಬಿತ್ತು.

ಅತ್ತೆ ತಮ್ಮ ಭಾರದ ಮೈಯನ್ನು ಬಗ್ಗಿಸಿ, ಒಂದು ಬೊಗಸೆ ಮಣ್ಣು ತೆಗೆದು ಆ ಕೆಂಡದ ಮೇಲೆ ಹಾಕಿದರು. ಮೊಣಕಾಲು ಹಿಡಿದುಕೊಂಡು ಎದ್ದರು.

"ಏನೂ ಆಗಿಲ್ಲ. ಇನ್ನೊಂದು ತಾ" ಎಂದರು.

ಅವಳು ಇನ್ನೊಂದು ತಂದಳು. ಈ ಸಲ ಅದು ಗಡಿಗೆಯೊಳಗೇ ಬಿತ್ತು. ಮುಚ್ಚಳವನ್ನು ತಾನೇ ಹಾಕಿ, ಅದರ ಮೇಲೆ ತನ್ನ ಕೈ ಇಟ್ಟು ಸ್ವಲ್ಪ ಹೊತ್ತು ಹಾಗೇ ಹಿಡಿದಳು. ಕಣ್ಣೀರು ಗಲ್ಲದಿಂದ ಮುಚ್ಚಳದ ಮೇಲೆ ಬೀಳುತ್ತಿತ್ತು. "ಬಿಗಿ ಹಿಡಕೋರಿ ಅವ್ವಾರ" ಎಂದಳು. "ಗಾಳಿ ಏಳೂ ಹೊತ್ತಾತು."

ಆ ಕೆಂಡದಿಂದ ಒಲೆ ಹೊತ್ತಿಸಿ ಅಂದು ನಾನು ರೊಟ್ಟಿ ಮಾಡಿದೆ. ಮಾವ ಹೋದಾಗಿನಿಂದ ಆರದ ಬೆಂಕಿ ಹೋಗಿತ್ತು. ಅವರ ಮುಖದಲ್ಲಿ ಅದರ ದುಃಖ ಇತ್ತು, ಇರಲಿಲ್ಲವೆಂದು ನಾನು ಹೇಳಲಾರೆ. ಆದರೆ ಆ ಮೇಲೆ ನಮ್ಮ ಒಲೆಗೆ ಆಗಾಗ ಆರುವ ಜಡ್ಡು ಹತ್ತಿತು. ಬೆಳಿಗ್ಗೆ ಎದ್ದರೆ ಹಸಿ ಬೂದಿ, ಅತ್ತೆ ಏನೂ ಅರಿಯದವರ ಹಾಗೆ, "ಮತ್ತ ಆರೈತಲ್ಲ, ಹೋಗು ಎದುರಿನ ಮನಿಗೆ" ಎನ್ನುವರು.

ಕುರಿ ಬೋರಾಮಣಿಯ ಕಡೆ ಹೊರಟ ದಿನ ಎದುರಿನವಳು ಓಣಿಯ ತುದಿಯವರೆಗೆ ಹೋಗಿ, ಮೈದುನನ ಕೈಗೆ ಬುತ್ತಿ ಕೊಟ್ಟು, ತಿರುಗಿ ಮನೆಗೆ ಬಂದಳು. ಮರುದಿನ ನಮ್ಮ ಒಲೆ ಆರಿತ್ತು. ನಾನು ಗಡಿಗೆ ಹಿಡಿದು ಹೋದಾಗ ಅವಳ ಕಟ್ಟೆಯ ಹತ್ತಿರ ಪಾಟೀಲರ ಹೆಂಡತಿ ಗಡಿಗೆ ಹಿಡಿದು ನಿಂತಿದ್ದರು. ನಾನು ಅವರ ಹಿಂದೆ ನಿಂತೆ.